ಜೊಲ್ಲಿನಲ್ಲಿ ಬಿಸಿಲು ಅಳೆಯುವ ಮುಂಚೆ

ಸೂಜಿ ಬೇಡ, ರಕ್ತ ಬೇಡ, ಪುಟ್ಟ ಡಬ್ಬಿಯೊಂದಕ್ಕೆ ಸ್ವಲ್ಪ ಜೊಲ್ಲು ಸುರಿಸಿದರೆ ಸಾಕು, ಮೈಯಲ್ಲಿ ವಿಟಮಿನ್ ಡಿ ಎಷ್ಟಿದೆ ಅಂತ ಗೊತ್ತಾಗಿಬಿಡುತ್ತದೆ. ಈ ಮಾತು ಈಗ ಪ್ರಾಜೆಕ್ಟ್ ಸೀಸನ್ನಿನಲ್ಲೂ ಕೇಳಿಬರುತ್ತಿದೆ. ಬಣ್ಣ ಬದಲಿಸುವ ಒಂದು ಪಟ್ಟಿ, ಅದರ ಫೋಟೊ ತೆಗೆಯೋಕೆ ಮೊಬೈಲ್, ಲೆಕ್ಕ ಹಾಕೋಕೆ ಒಂದು ಆ್ಯಪ್. ಪೋಸ್ಟರಿನ ಕೊನೆಯ ಸಾಲಿನಲ್ಲಿ 'ಗ್ರಾಮೀಣ ಜನರಿಗೆ ಉಪಯುಕ್ತ' ಅಂತ ಇದ್ದೇ ಇರುತ್ತದೆ. ಯಾವ ಗ್ರಾಮ, ಯಾವ ಜನ ಅಂತ ಯಾರೂ ಕೇಳುವುದಿಲ್ಲ. ನಮ್ಮ ಸಂಘದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯವರು ಒಂದಷ್ಟು ಜನ ಇದ್ದೇವೆ. ಹಾಗಾಗಿ ಆ ಮೂರು ತಾಲ್ಲೂಕುಗಳನ್ನೇ ಎದುರಿಗಿಟ್ಟುಕೊಂಡು ಈ ಮಾತನ್ನು ಒಮ್ಮೆ ಉಜ್ಜಿ ನೋಡೋಣ ಅನ್ನಿಸಿತು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಜೊಲ್ಲಿನ ಪರೀಕ್ಷೆ ಸುಳ್ಳಲ್ಲ, ಅದರ ಹಿಂದೆ ಗಟ್ಟಿ ರಸಾಯನಶಾಸ್ತ್ರ ಇದೆ. ಆದರೆ ಇವತ್ತಿನ ಸ್ಥಿತಿಯಲ್ಲಿ ಅದು ರಕ್ತದ ಪರೀಕ್ಷೆಯ ಜಾಗದಲ್ಲಿ ಕೂರುವಂಥದ್ದಲ್ಲ. ಅದರಲ್ಲೂ ನಮ್ಮ ಕಡೆಯ ಬಾಯಿಗಳಿಗೆ ಅದನ್ನು ಹಾಗೆಯೇ ತಂದು ಅಂಟಿಸುವುದು ತಪ್ಪು. ನಮ್ಮೂರಲ್ಲೇ ಜೊಲ್ಲು ಮತ್ತು ರಕ್ತ ಎರಡನ್ನೂ ಒಬ್ಬರಿಂದಲೇ, ಒಂದೇ ದಿನ ತೆಗೆದು ಹೋಲಿಸಿ ನೋಡುವ ತನಕ ಯಾರ ಕೈಗೂ ಆ ರಿಪೋರ್ಟ್ ಕೊಡಬಾರದು.

ಈ ವಿಷಯ ಮಲೆನಾಡಿಗೆ ಯಾಕೆ ಬೇಕು ಅನ್ನುವವರಿಗೆ ಸ್ವಲ್ಪ ಹಿನ್ನೆಲೆ. ವಿಟಮಿನ್ ಡಿಯನ್ನು ನಮ್ಮ ಚರ್ಮವೇ ತಯಾರಿಸುತ್ತದೆ, ಬಿಸಿಲಿನ ಯುವಿ-ಬಿ ಕಿರಣ ಬಿದ್ದರೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ಸುಮಾರು 13.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಅಂದರೆ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ: ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ. ಈಗ ಆಗಸ್ಟ್ ಮೂರನೇ ವಾರ ಅಂದರೆ ಏನು ಅಂತ ನಮ್ಮ ಕಡೆಯವರನ್ನು ಕೇಳಿ. ಆಶ್ಲೇಷ ಮುಗಿದು ಮಘೆ ಹಿಡಿಯುವ ಹೊತ್ತು. ಲೆಕ್ಕದ ಪ್ರಕಾರ ನೆರಳು ಕಾಲ ಕೆಳಗೆ ಬೀಳಬೇಕಾದ ದಿನ, ನೆರಳೇ ಇರುವುದಿಲ್ಲ. ಆರಿದ್ರ, ಪುನರ್ವಸು, ಪುಷ್ಯ ಅಂತ ಜಡಿದ ಮಳೆಗೆ ಬಟ್ಟೆ ಒಣಗಿಸೋಕೆ ಒಲೆಯ ಮೇಲೆ ಹಗ್ಗ ಕಟ್ಟುವ ಊರು ನಮ್ಮದು. ಕಿಗ್ಗದ ಋಷ್ಯಶೃಂಗನಿಗೆ ಮಳೆ ಬರಲಿ ಅಂತಲೂ ಹರಕೆ, ಮಳೆ ನಿಲ್ಲಲಿ ಅಂತಲೂ ಹರಕೆ. ಎರಡನೆಯದರ ಹಿಂದಿರುವ ಸಂಕಟ ಬಯಲುಸೀಮೆಯ ಗೆಳೆಯರಿಗೆ ಅಷ್ಟು ಸುಲಭಕ್ಕೆ ಅರ್ಥವಾಗುವುದಿಲ್ಲ.

ಮಳೆ ಬಿಟ್ಟ ಮೇಲೂ ಬಿಸಿಲು ಎಲ್ಲರಿಗೂ ಸಿಗುತ್ತದೆ ಅಂತಿಲ್ಲ. ಅಡಿಕೆ ತೋಟದೊಳಗೆ ದಿನವಿಡೀ ದುಡಿದರೂ ಅದು ನೆರಳಿನ ದುಡಿಮೆ. ಗದ್ದೆಗಿಳಿದರೆ ಕಂಬಳಿಕೊಪ್ಪೆ. ಕೊಯ್ಲಿನ ಕಾಲದಲ್ಲಿ ಜಗಲಿಯಲ್ಲೋ ಚಪ್ಪರದ ಕೆಳಗೋ ಕೂತು ರಾತ್ರಿಯವರೆಗೆ ಅಡಿಕೆ ಸುಲಿಯುವ ಹೆಂಗಸರಿಗೆ ಬಿಸಿಲು ಕಾಣಿಸುವುದು ಅಂಗಳದಲ್ಲಿ ಅಡಿಕೆ ಹರವಿದಾಗ ಮಾತ್ರ. ಇನ್ನು 'ಎಳೆ ಬಿಸಿಲು ಮೈಗೆ ಒಳ್ಳೇದು' ಅಂತ ಮನೆಯ ಹಿರಿಯರು ಹೇಳುತ್ತಾರಲ್ಲ, ಹಿತಕ್ಕೆ ಒಳ್ಳೆಯದೇ. ಆದರೆ ವಿಟಮಿನ್ ಡಿಗೆ ಬೇಕಾದ ಯುವಿ-ಬಿ ಬೆಳಗಿನ ಓರೆ ಬಿಸಿಲಲ್ಲಿ ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದಾಗ ಬೀಳುವ ಬಿಸಿಲೇ ಆಗಬೇಕು. ಗಾಜಿನ ಕಿಟಕಿಯ ಹಿಂದೆ ಕೂತರಂತೂ ಬಿಸಿ ಬಿಟ್ಟರೆ ಏನೂ ಸಿಗದು.

ನಮ್ಮದೇ ಅಕ್ಷಾಂಶದಲ್ಲಿ ಇನ್ನೊಂದು ಊರಿದೆ, ತಿರುಪತಿ. ಅಲ್ಲಿನ ವೈದ್ಯ ಸಿ.ವಿ. ಹರಿನಾರಾಯಣ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಸಲ ಉಲ್ಲೇಖವಾಗುವಂಥದ್ದು. ಹೊಲದಲ್ಲಿ ದುಡಿಯುವ ಹಳ್ಳಿಗರಲ್ಲಿ ವಿಟಮಿನ್ ಡಿ ಪೇಟೆಯವರಿಗಿಂತ ಜಾಸ್ತಿ ಇತ್ತು. ಆದರೂ ಆ ಹಳ್ಳಿಗರಲ್ಲೂ ಕೊರತೆ ಇರುವವರು ತುಂಬ ಜನ ಸಿಕ್ಕರು. ತಿರುಪತಿಯ ಬಿಸಿಲಲ್ಲೇ ಹೀಗಾದರೆ ಕೆರೆಕಟ್ಟೆಯ ಮಳೆಯಲ್ಲಿ? ಪ್ರಶ್ನೆ ಸಹಜವಾಗಿ ಏಳುತ್ತದೆ. ಉತ್ತರ ಮಾತ್ರ ಅಳೆದೇ ಹೇಳಬೇಕು. ಹಾಗೆ ನೋಡಿದರೆ ಮೂರು ತಾಲ್ಲೂಕುಗಳನ್ನು ಒಂದೇ ಉಸಿರಿಗೆ ಹೇಳುವುದೂ ಸರಿಯಲ್ಲ. ಶೃಂಗೇರಿಯ ಘಟ್ಟದ ಅಂಚಿಗೂ, ಭದ್ರಾ ಹಿನ್ನೀರಿನ ಬಯಲು ತೆರೆದುಕೊಳ್ಳುವ ಎನ್.ಆರ್.ಪುರದ ಕಡೆಗೂ ಮಳೆಯಲ್ಲಿ ಬಹಳ ಅಂತರ ಇದೆ.

ಸರಿ, ಅಳೆಯುವುದು ಏನನ್ನು? ಚರ್ಮದಲ್ಲಿ ಹುಟ್ಟಿದ ವಿಟಮಿನ್ ಡಿ ಪಿತ್ತಜನಕಾಂಗಕ್ಕೆ ಹೋಗಿ 25-ಹೈಡ್ರಾಕ್ಸಿ ವಿಟಮಿನ್ ಡಿ ಆಗುತ್ತದೆ. ಅಲ್ಲಿಂದ ಮೂತ್ರಪಿಂಡಕ್ಕೆ ಹೋಗಿ ಕೆಲಸ ಮಾಡುವ ಹಾರ್ಮೋನ್ ಆಗುತ್ತದೆ. ಕೊನೆಯ ಈ ರೂಪ ಕೆಲವೇ ಗಂಟೆ ಇರುತ್ತದೆ. ನಡುವಿನ 25-ಹೈಡ್ರಾಕ್ಸಿ ರೂಪ ಅರ್ಧಕ್ಕೆ ಇಳಿಯೋಕೆ ಎರಡು ಮೂರು ವಾರ ಬೇಕು. ಅದಕ್ಕೇ ಲ್ಯಾಬುಗಳು ರಕ್ತದಲ್ಲಿ ಅದನ್ನೇ ಅಳೆಯುತ್ತವೆ. ರಿಪೋರ್ಟಿನಲ್ಲಿ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆ ಅನ್ನುತ್ತಾರೆ. ಕೆಲವರು ಗೆರೆಯನ್ನು 30ಕ್ಕೆ ಎಳೆಯುತ್ತಾರೆ, ಆ ಜಗಳ ಇನ್ನೂ ಮುಗಿದಿಲ್ಲ.

ರಕ್ತದಲ್ಲಿ ಇದು ಒಂಟಿಯಾಗಿ ತಿರುಗಾಡುವುದಿಲ್ಲ. ಬಹುಪಾಲು ತನಗೆಂದೇ ಇರುವ ಒಂದು ಪ್ರೋಟೀನಿನ ಬೆನ್ನೇರಿರುತ್ತದೆ, ಉಳಿದದ್ದು ಆಲ್ಬುಮಿನ್ ಜೊತೆ. ಯಾರ ಹಂಗೂ ಇಲ್ಲದೆ ಬಿಡಿಯಾಗಿ ಇರುವುದು ಶೇಕಡಾ ಒಂದರ ಎಷ್ಟೋ ಸಣ್ಣ ಪಾಲು, ಸುಮಾರು 0.03. ಜೊಲ್ಲಿನ ಗ್ರಂಥಿಗಳ ಗೋಡೆ ದಾಟಿ ಬಾಯಿಗೆ ಬರುವುದು ಮುಖ್ಯವಾಗಿ ಈ ಬಿಡಿ ಪಾಲು. ಮಂಡಿಯಲ್ಲಿಟ್ಟ ಅಡಿಕೆಗೂ ಜೇಬಲ್ಲಿರುವ ಚಿಲ್ಲರೆಗೂ ಇರುವಷ್ಟೇ ಅಂತರ. ಎರಡೂ ಒಬ್ಬನ ಆಸ್ತಿಯೇ, ಒಂದು ನೋಡಿ ಇನ್ನೊಂದನ್ನು ಅಂದಾಜು ಮಾಡಬಹುದು. ಆದರೆ ಜೇಬು ತಡವಿ ಇವನ ಮಂಡಿ ಲೆಕ್ಕ ಇಷ್ಟೇ ಅಂತ ಬರೆದುಕೊಡೋಕೆ ಧೈರ್ಯ ಬೇಕು.

ಎಷ್ಟು ಸಣ್ಣ ಪ್ರಮಾಣ ಅಂತ ನಮ್ಮೂರಿನ ಲೆಕ್ಕದಲ್ಲೇ ನೋಡೋಣ. ಭದ್ರಾ ಜಲಾಶಯ ತುಂಬಿದರೆ ಸುಮಾರು 71.5 ಟಿಎಂಸಿ, ಅಂದರೆ 200 ಕೋಟಿ ಘನ ಮೀಟರಿಗೂ ಸ್ವಲ್ಪ ಜಾಸ್ತಿ ನೀರು. ರಕ್ತದಲ್ಲಿ ಮಿಲಿಲೀಟರಿಗೆ 20 ನ್ಯಾನೊಗ್ರಾಂ ಅಂದರೆ ಅಷ್ಟೂ ನೀರಿನಲ್ಲಿ ಸುಮಾರು 40 ಟನ್ ಉಪ್ಪು ಕರಗಿಸಿದ ಹಾಗೆ. ಐವತ್ತು ಕೆ.ಜಿ.ಯ ಎಂಟುನೂರು ಮೂಟೆ. ಜೊಲ್ಲಿನಲ್ಲಿ ಇರುವುದು ಮಿಲಿಲೀಟರಿಗೆ ಕೆಲವೇ ಪಿಕೊಗ್ರಾಂ. ಹತ್ತು ಅಂತ ಇಟ್ಟುಕೊಂಡರೂ ಅದೇ ಭದ್ರೆಯಲ್ಲಿ 20 ಕೆ.ಜಿ. ಉಪ್ಪು, ಅರ್ಧ ಮೂಟೆಯೂ ಆಗುವುದಿಲ್ಲ. ಲಕ್ಕವಳ್ಳಿಯಲ್ಲಿ ಒಂದು ಚಮಚ ನೀರು ತೆಗೆದುಕೊಂಡು ಆ 20 ಕೆ.ಜಿ.ಯನ್ನು ಪತ್ತೆ ಮಾಡಬೇಕು.

ಅದು ಸಾಧ್ಯವಾಗಿದೆ ಎನ್ನುವುದೇ ಅಚ್ಚರಿ. ಜಪಾನಿನ ತತ್ಸುಯಾ ಹಿಗಾಶಿ ಮತ್ತು ಸಂಗಡಿಗರು 2008ರಲ್ಲಿ ಇದಕ್ಕೊಂದು ವಿಧಾನ ಪ್ರಕಟಿಸಿದರು. ಜೊಲ್ಲಿನಿಂದ 25-ಹೈಡ್ರಾಕ್ಸಿ ವಿಟಮಿನ್ ಡಿ3ಯನ್ನು ಬೇರ್ಪಡಿಸಿ, ಯಂತ್ರದ ಕಣ್ಣಿಗೆ ಚೆನ್ನಾಗಿ ಕಾಣುವ ಹಾಗೆ ಅದಕ್ಕೊಂದು ರಾಸಾಯನಿಕ ಬಾಲ ಅಂಟಿಸಿ, ಎಲ್‌ಸಿ-ಎಂಎಸ್/ಎಂಎಸ್ ಯಂತ್ರದಲ್ಲಿ ಅಳೆದರು. ರಕ್ತದ ಅಳತೆ ಏರಿದಂತೆ ಜೊಲ್ಲಿನದೂ ಏರುತ್ತದೆ ಅಂತ ತೋರಿಸಿದರು. ಆಮೇಲೆ ಬೇರೆಯವರೂ ಮಾಡಿದ್ದಾರೆ. ಕೆಲವರಿಗೆ ಹೊಂದಿಕೆ ಚೆನ್ನಾಗಿ ಸಿಕ್ಕಿದೆ, ಕೆಲವರಿಗೆ ಸಿಕ್ಕಿಲ್ಲ. ಆ ಯಂತ್ರದ ಬೆಲೆ ಕೋಟಿಗಳ ಲೆಕ್ಕದ್ದು ಅನ್ನುವುದನ್ನು ಮರೆಯಬಾರದು. ಸಾಮಾನ್ಯ ಲ್ಯಾಬುಗಳು ರಕ್ತಕ್ಕೆ ಬಳಸುವ ಇಮ್ಯುನೊಅಸ್ಸೆ ಯಂತ್ರ ಕೆಲವು ನ್ಯಾನೊಗ್ರಾಂಗಿಂತ ಕೆಳಗೆ ಇಳಿದರೆ ಕೈಚೆಲ್ಲುತ್ತದೆ. ಅದಕ್ಕೇ ಜೊಲ್ಲು ಹಾಕಿ ಅಳೆಯಿರಿ ಅಂದರೆ ಆಗುವ ಕೆಲಸ ಅಲ್ಲ. ಮೊಬೈಲ್ ಕ್ಯಾಮೆರಾ ನೋಡುವ ಬಣ್ಣದ ಪಟ್ಟಿಯ ಮಾತು ಹಾಗಿರಲಿ.

ಈಗ ನಮ್ಮ ಮುಖ್ಯ ತಕರಾರಿಗೆ ಬರೋಣ. ಅದು ಯಂತ್ರದ್ದಲ್ಲ, ಬಾಯಿಯದ್ದು.

ಒಸಡಿನಿಂದ ಒಂದಿಷ್ಟು ರಕ್ತ ಜೊಲ್ಲಿಗೆ ಸೇರಿತು ಅಂತ ಇಟ್ಟುಕೊಳ್ಳಿ. ಹಲ್ಲುಜ್ಜುವಾಗ ಬರುತ್ತದಲ್ಲ, ಅಷ್ಟೂ ಬೇಡ. ಒಂದು ಮಿಲಿಲೀಟರ್ ಜೊಲ್ಲಿಗೆ ಒಂದೇ ಒಂದು ಮೈಕ್ರೊಲೀಟರ್ ರಕ್ತ. ಒಂದು ಹನಿ ರಕ್ತವನ್ನು ಐವತ್ತು ಪಾಲು ಮಾಡಿದರೆ ಅದರಲ್ಲೊಂದು ಪಾಲು. ಆ ರಕ್ತದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪ್ಲಾಸ್ಮಾ. ಪ್ಲಾಸ್ಮಾದಲ್ಲಿ ಮಿಲಿಲೀಟರಿಗೆ 20 ನ್ಯಾನೊಗ್ರಾಂ, ಅಂದರೆ 20,000 ಪಿಕೊಗ್ರಾಂ. ಗುಣಿಸಿ ನೋಡಿ: ಸುಮಾರು 11 ಪಿಕೊಗ್ರಾಂ ಹೊಸದಾಗಿ ಸೇರಿಕೊಂಡಿತು. ಮೊದಲು ಇದ್ದದ್ದೇ ಹತ್ತು! ರಿಪೋರ್ಟಿನ ಸಂಖ್ಯೆ ಒಂದಕ್ಕೆರಡಾಯಿತು. ಕೊರತೆ ಇರುವ ಅಜ್ಜಿಗೆ 'ನಿಮಗೇನೂ ತೊಂದರೆ ಇಲ್ಲ' ಅಂತ ಬರೆದುಕೊಟ್ಟ ಹಾಗಾಯಿತು.

ಪ್ರಯೋಗಾಲಯದಲ್ಲಿ ಇದನ್ನು ಹಿಡಿಯುವ ದಾರಿ ಇದೆ. ಜೊಲ್ಲು ಕೆಂಪಗಿದೆಯಾ ಅಂತ ಕಣ್ಣಲ್ಲಿ ನೋಡುತ್ತಾರೆ, ಅನುಮಾನ ಬಂದರೆ ರಕ್ತದಲ್ಲಿ ಹೇರಳವಾಗಿರುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಇದೆಯಾ ಅಂತ ಅಳೆಯುತ್ತಾರೆ. ಕಣ್ಣಲ್ಲಿ ನೋಡುವ ಮೊದಲ ಪರೀಕ್ಷೆ ನಮ್ಮೂರಲ್ಲಿ ನಡೆಯುತ್ತದಾ? ಊಟವಾದ ಮೇಲೆ ಎಲೆಅಡಿಕೆ ತಟ್ಟೆ ಮುಂದಿಡುವುದು ನಮ್ಮಲ್ಲಿ ಮರ್ಯಾದೆ. ಕೆಲವರಿಗೆ ಊಟಕ್ಕೆ ಮೊದಲೂ ಬೇಕು, ತೋಟಕ್ಕೆ ಹೋಗುವಾಗಲೂ ಬೇಕು, ಬಸ್ಸಿಗೆ ಕಾಯುವಾಗಲೂ ಬೇಕು. ಅಂಥವರ ಜೊಲ್ಲು ಕೆಂಪಗೇ ಇರುತ್ತದೆ. ಅದರಲ್ಲಿ ಯಾವುದು ಎಲೆಅಡಿಕೆಯ ಕೆಂಪು, ಯಾವುದು ಒಸಡಿನ ಕೆಂಪು? ಮೇಲಾಗಿ ಸುಣ್ಣ ಬಾಯಿಯ ಪಿಎಚ್ ಅನ್ನು ಮೇಲೆತ್ತುತ್ತದೆ. ಅಡಿಕೆಯ ಒಗರು, ಅಂದರೆ ಟ್ಯಾನಿನ್, ಪ್ರೋಟೀನುಗಳಿಗೆ ಅಂಟಿಕೊಳ್ಳುವ ಗುಣದ್ದು. ಬಣ್ಣದ ಪಟ್ಟಿಯಲ್ಲಿ ಕೆಲಸ ಮಾಡಬೇಕಾದ ಆ್ಯಂಟಿಬಾಡಿಯೂ ಒಂದು ಪ್ರೋಟೀನೇ ತಾನೇ?

ಇಷ್ಟು ಸಾಲದು ಅನ್ನುವಂತೆ ಇನ್ನೊಂದು ಎಳೆ ಇದೆ. ಪೂರ್ವ ಲಂಡನ್ನಿನಲ್ಲಿ ನೆಲೆಸಿರುವ ಬಾಂಗ್ಲಾದೇಶಿ ಮೂಲದವರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಡಿಕೆ ಜಗಿಯುವ ಅಭ್ಯಾಸವೇ ವಿಟಮಿನ್ ಡಿಯ ಚಯಾಪಚಯದ ಮೇಲೆ ಪ್ರಭಾವ ಬೀರುತ್ತದೆ ಅಂತ ಹೇಳಿತು. ಒಂದು ಅಧ್ಯಯನದಿಂದ ತೀರ್ಪು ಕೊಡುವುದು ಬೇಡ. ಆದರೆ ಪ್ರಪಂಚದಲ್ಲಿ ಈ ಪ್ರಶ್ನೆಯನ್ನು ಎಲ್ಲಾದರೂ ಕೇಳಲೇಬೇಕು ಅಂದರೆ ಅದು ಅಡಿಕೆ ಬೆಳೆಯುವ, ಮಾರುವ, ಜಗಿಯುವ ನಮ್ಮ ತಾಲ್ಲೂಕುಗಳಲ್ಲೇ ಅಲ್ಲವೇ? (ಅಡಿಕೆಯ ಮೇಲೆ ಇರುವ ಬೇರೆ ಆರೋಗ್ಯದ ದೂರುಗಳ ವಿಷಯಕ್ಕೆ ನಾವಿಲ್ಲಿ ಹೋಗುತ್ತಿಲ್ಲ. ಅಡಿಕೆ ದುಡ್ಡಿನಲ್ಲೇ ಫೀಸು ಕಟ್ಟಿಸಿಕೊಂಡವರು ನಮ್ಮಲ್ಲಿ ಇದ್ದಾರೆ, ಆ ಚರ್ಚೆಗೆ ಬೇರೆಯದೇ ಲೇಖನ ಬೇಕು.)

ಜೊಲ್ಲಿನ ಪರ ಇರುವ ಗೆಳೆಯರು ಹೇಳುವ ದೊಡ್ಡ ಕಾರಣ ದಾರಿಯದ್ದು. ರಕ್ತ ತೆಗೆಯೋಕೆ ತರಬೇತಿ ಇರುವವರು ಬೇಕು, ತೆಗೆದದ್ದನ್ನು ಘಟ್ಟ ಇಳಿಸಿ ಮಂಗಳೂರಿಗೋ, ಇತ್ತ ಶಿವಮೊಗ್ಗಕ್ಕೋ ಬೆಂಗಳೂರಿಗೋ ಕಳಿಸಬೇಕು, ಅಷ್ಟರಲ್ಲಿ ಕೆಟ್ಟುಹೋಗುತ್ತದೆ ಅಂತ. ಮೊದಲ ಭಾಗ ನಿಜ. ಒಂದು ವಿಟಮಿನ್ ಡಿ ಪರೀಕ್ಷೆಗೆ ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಪೇಟೆಗೆ ಬರುವ ಕಷ್ಟ ನಮಗೂ ಗೊತ್ತು. ಆದರೆ ಕೆಟ್ಟುಹೋಗುತ್ತದೆ ಅನ್ನುವುದು ಈ ಪರೀಕ್ಷೆಯ ಮಟ್ಟಿಗೆ ಸರಿಯಲ್ಲ. ರಕ್ತದ ಸೀರಂ ಬೇರ್ಪಡಿಸಿಬಿಟ್ಟರೆ ಅದರೊಳಗಿನ 25-ಹೈಡ್ರಾಕ್ಸಿ ವಿಟಮಿನ್ ಡಿ ಬಹಳ ಗಟ್ಟಿ ಪಿಂಡ, ಮಾಮೂಲು ಉಷ್ಣಾಂಶದಲ್ಲೂ ದಿನಗಟ್ಟಲೆ ತಡೆಯುತ್ತದೆ. ಬೇಗ ಕೆಡುವುದು ಜೊಲ್ಲು. ಬಾಯಿಯ ಬ್ಯಾಕ್ಟೀರಿಯಾ, ಕಿಣ್ವಗಳು, ಅನ್ನದ ಅಗುಳಿನ ಚೂರು ಎಲ್ಲ ಅದರಲ್ಲೇ ಇರುತ್ತವೆ. ತಣ್ಣಗಿಡಬೇಕು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಲೋಳೆ ತೆಗೆಯಬೇಕು. ಹತ್ತಿಯ ಉಂಡೆ ಬಾಯಲ್ಲಿಟ್ಟು ಹೀರಿಸಿದರೆ ಕೊಬ್ಬಿನ ಜಾತಿಯ ಈ ಅಣು ಹತ್ತಿಗೇ ಅಂಟಿಕೊಂಡು ಉಳಿಯುವ ಸಾಧ್ಯತೆ ಇದೆ. ಹಾಗಾಗಿ ತಲೆ ಬಗ್ಗಿಸಿ ಕೂತು ಡಬ್ಬಿಗೆ ತಾನಾಗಿ ಜೊಲ್ಲು ಸುರಿಯಲು ಬಿಡಬೇಕು. ಅರವತ್ತು ದಾಟಿದ, ಔಷಧಿ ನುಂಗಿ ಬಾಯಿ ಒಣಗಿಸಿಕೊಂಡಿರುವ ಒಬ್ಬ ಹಿರಿಯರಿಂದ ಹೀಗೆ ಒಂದು ಮಿಲಿಲೀಟರ್ ಸಂಗ್ರಹಿಸುವುದು ರಕ್ತ ತೆಗೆಯುವುದಕ್ಕಿಂತ ಸುಲಭ ಅಂತ ಯಾರಿಗಾದರೂ ಅನ್ನಿಸಿದರೆ ಒಮ್ಮೆ ತಾವೇ ಪ್ರಯತ್ನಿಸಿ ನೋಡಲಿ.

ಮಾತಿನ ತೊಡಕೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಬ್ಬಿ ಕೊಟ್ಟರೆ ನಮ್ಮ ಜನ ಕೆಮ್ಮಿ ಕಫ ತೆಗೆಯುತ್ತಾರೆ, ಕ್ಷಯದ ಪರೀಕ್ಷೆಯಿಂದ ಆದ ರೂಢಿ ಅದು. 'ಉಗುಳು' ಅಂದರೆ ಕ್ಯಾಕರಿಸಿ ಉಗಿಯುತ್ತಾರೆ. 'ಲಾಲಾರಸ' ಅಂದರೆ ಮುಖ ನೋಡುತ್ತಾರೆ. 'ಎಂಜಲು' ಅಂದರೆ, ಅಯ್ಯೋ ಅದನ್ನು ನಿಮ್ಮ ಕೈಗೆ ಹೇಗೆ ಕೊಡೋದು ಅಂತ ಆಶಾ ಕಾರ್ಯಕರ್ತೆಯ ಹತ್ತಿರವೇ ಸಂಕೋಚ ಪಡುತ್ತಾರೆ. ರಕ್ತಕ್ಕೆ ಈ ಮುಜುಗರ ಇಲ್ಲ. ಮಂಗನ ಕಾಯಿಲೆಯ ಕಾಲದಲ್ಲಿ ಜ್ವರ ಬಂದರೆ ರಕ್ತ ಕೊಡಬೇಕು, ಅದು ಶಿವಮೊಗ್ಗಕ್ಕೆ ಹೋಗಿ ಬರಬೇಕು ಅನ್ನುವುದು ಕಾಡಂಚಿನ ಮನೆಗಳಿಗೆ ಹೊಸತಲ್ಲ. ಸೂಜಿ ಹೆದರಿಕೆ ಅನ್ನುವುದನ್ನು ಪೇಟೆಯಲ್ಲಿ ಕೂತ ನಾವು ಸ್ವಲ್ಪ ಜಾಸ್ತಿಯೇ ಊಹಿಸಿಕೊಂಡಿದ್ದೇವೇನೋ.

ಹಾಗಂತ ರಕ್ತದ ಪರೀಕ್ಷೆ ಸತ್ಯಹರಿಶ್ಚಂದ್ರ ಅಂತ ನಾವು ಹೇಳುತ್ತಿಲ್ಲ. ಒಂದೇ ರಕ್ತವನ್ನು ಎರಡು ಕಂಪನಿಯ ಇಮ್ಯುನೊಅಸ್ಸೆಗಳಿಗೆ ಕೊಟ್ಟರೆ ಎರಡು ಉತ್ತರ ಬರುವುದುಂಟು. ಈ ಗೊಂದಲ ಸರಿಪಡಿಸಲೆಂದೇ ಬ್ರಿಟನ್ನಿನಲ್ಲಿ 1989ರಿಂದ ಡೆಕ್ವಾಸ್ ಎಂಬ ಗುಣಮಟ್ಟದ ಯೋಜನೆ ನಡೆಯುತ್ತಿದೆ, ಅಮೆರಿಕದಲ್ಲಿ 2010ರಲ್ಲಿ ಅಳತೆಗಳನ್ನು ಏಕರೂಪಕ್ಕೆ ತರುವ ಕಾರ್ಯಕ್ರಮ ಶುರುವಾಯಿತು. ಕೆಲವು ಸಂದರ್ಭಗಳಲ್ಲಿ ಜೊಲ್ಲಿನ ಮಾತನ್ನೇ ಕೇಳಬೇಕಾಗಿ ಬರಬಹುದು ಕೂಡ. ಬಸುರಿಯರಲ್ಲಿ ವಿಟಮಿನ್ ಡಿಯನ್ನು ಹೊರುವ ಪ್ರೋಟೀನ್ ಬಹಳ ಏರುತ್ತದೆ. ಒಟ್ಟು ಪ್ರಮಾಣ ಚೆನ್ನಾಗಿ ಕಂಡರೂ ಬಿಡಿ ಪಾಲು ಅಷ್ಟೇ ಚೆನ್ನಾಗಿರಬೇಕೆಂದಿಲ್ಲ. ಪಿತ್ತಜನಕಾಂಗ ಹಾಳಾದವರಲ್ಲಿ ಇದರ ತಿರುಗುಮುರುಗು. ಇಂಥ ಕಡೆ ಬಿಡಿ ಪಾಲನ್ನು ತೋರಿಸುವ ಜೊಲ್ಲು ಹೆಚ್ಚು ಉಪಯೋಗಕ್ಕೆ ಬರಬಹುದು ಎನ್ನುವ ವಾದದಲ್ಲಿ ಹುರುಳಿದೆ. ಕಾರ್ಟಿಸಾಲ್ ಎಂಬ ಹಾರ್ಮೋನಿನ ವಿಷಯದಲ್ಲಿ ಹಾಗೇ ಆಗಿದೆ, ರಾತ್ರಿ ಹೊತ್ತಿನ ಜೊಲ್ಲಿನ ಕಾರ್ಟಿಸಾಲನ್ನು ವೈದ್ಯರು ಇವತ್ತು ಒಪ್ಪಿ ಬಳಸುತ್ತಾರೆ. ಆದರೆ ಕಾರ್ಟಿಸಾಲಿನಲ್ಲಿ ಬಿಡಿಯಾಗಿರುವ ಪಾಲು ನೂರಕ್ಕೆ ನಾಲ್ಕೈದು. ವಿಟಮಿನ್ ಡಿಯದು ನೂರಕ್ಕೆ 0.03. ಒಂದು ಗೆದ್ದಿತು ಅಂತ ಇನ್ನೊಂದಕ್ಕೂ ಹಾರ ಹಾಕೋಕೆ ಆಗಲ್ಲ.

ಎಂಜಿನಿಯರಿಂಗ್ ಓದುವ ನಮಗೆ ಇಲ್ಲಿ ಮಾಡೋಕೆ ಒಂದು ಕೆಲಸ ಇದೆ. ಪೋಸ್ಟರುಗಳಲ್ಲಿ 'ರಕ್ತದೊಂದಿಗೆ ಕೋರಿಲೇಷನ್ ಇಷ್ಟು' ಅಂತ ಒಂದು ಸಂಖ್ಯೆ ಬರೆದು ಮುಗಿಸುತ್ತಾರೆ. ಯಾವಾಗಲೂ ಹತ್ತು ಡಿಗ್ರಿ ಜಾಸ್ತಿ ತೋರಿಸುವ ಥರ್ಮಾಮೀಟರಿಗೂ ಸರಿಯಾದ ಥರ್ಮಾಮೀಟರಿಗೂ ಕೋರಿಲೇಷನ್ ಪೂರ್ತಿ ಒಂದು. ಅದನ್ನು ನಂಬಿ ಜ್ವರಕ್ಕೆ ಔಷಧಿ ಕೊಡುತ್ತೀರಾ? ಎರಡು ಅಳತೆಗಳು ಜೊತೆಯಾಗಿ ಏರಿಳಿಯುವುದು ಬೇರೆ, ಒಂದರ ಬದಲು ಇನ್ನೊಂದನ್ನು ಬಳಸಬಹುದು ಅನ್ನುವುದು ಬೇರೆ. ಮಾರ್ಟಿನ್ ಬ್ಲಾಂಡ್ ಮತ್ತು ಡಗ್ಲಸ್ ಆಲ್ಟ್‌ಮನ್ 1986ರಲ್ಲೇ ಇದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಿಡಿಸಿ ಬರೆದರು: ಪ್ರತಿಯೊಬ್ಬರಲ್ಲೂ ಎರಡು ಅಳತೆಗಳ ನಡುವೆ ಎಷ್ಟು ವ್ಯತ್ಯಾಸ, ಆ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಅಂತ ತೋರಿಸಿ. ಜೊಲ್ಲಿನದು ಬೇರೆ ಮಾನ ಆದ್ದರಿಂದ ಮೊದಲು ಒಂದಷ್ಟು ಜನರ ಅಳತೆಯಿಂದ ಪರಿವರ್ತನೆಯ ಸೂತ್ರ ಕಟ್ಟಬೇಕು, ಆಮೇಲೆ ಬೇರೆಯದೇ ಜನರ ಮೇಲೆ ಆ ಸೂತ್ರವನ್ನು ಪರೀಕ್ಷಿಸಬೇಕು. ಸೂತ್ರ ಕಟ್ಟಿದವರ ಮೇಲೇ ಪರೀಕ್ಷೆ ಮಾಡಿದರೆ ತಾನೇ ಪ್ರಶ್ನೆಪತ್ರಿಕೆ ಬರೆದು ತಾನೇ ಪಾಸಾದ ಹಾಗೆ. ಇನ್ನೊಂದು: 5 ನ್ಯಾನೊಗ್ರಾಂ ಇರುವವರನ್ನೂ 60 ಇರುವವರನ್ನೂ ಸೇರಿಸಿದರೆ ಗ್ರಾಫು ಚೆಂದ ಬರುತ್ತದೆ. ಔಷಧಿ ಬೇಕೋ ಬೇಡವೋ ಅಂತ ತೀರ್ಮಾನ ಆಗುವುದು 20ರ ಆಸುಪಾಸಿನಲ್ಲಿ. ಅಲ್ಲಿ ಜೊಲ್ಲು ಎಷ್ಟು ಸರಿ ಹೇಳುತ್ತದೆ ಅನ್ನುವುದೊಂದೇ ನಮಗೆ ಮುಖ್ಯ.

ಯಾಕೆಂದರೆ ತಪ್ಪಾದರೆ ಅನುಭವಿಸುವವರು ಬೇರೆಯವರು. ಈಗ ಮೆಡಿಕಲ್ ಶಾಪಿನಲ್ಲಿ 60,000 ಐಯುನ ಪುಡಿ ಪೊಟ್ಟಣ ಎಲ್ಲರಿಗೂ ಪರಿಚಯ. ವಾರಕ್ಕೊಂದು, ಇಷ್ಟು ವಾರ ಅಂತ ವೈದ್ಯರು ಬರೆದುಕೊಡುವಂಥದ್ದು. ಅದನ್ನು ದಿನಾ ಒಂದರಂತೆ ತಿಂಗಳುಗಟ್ಟಲೆ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ತಪ್ಪಾಗಿ ಕಡಿಮೆ ತೋರಿಸುವ ಒಂದು ಆ್ಯಪ್, ಕೈಗೆ ಸಿಗುವ ಪೊಟ್ಟಣ, ಸೊಂಟ ನೋವು. ಈ ಮೂರೂ ಸೇರಿದರೆ ಏನಾಗಬಹುದು ಯೋಚಿಸಿ. ತಪ್ಪಾಗಿ ಜಾಸ್ತಿ ತೋರಿಸಿದರೆ ಮೂಳೆ ಮೆತ್ತಗಾಗುತ್ತಿರುವ ಹೆಂಗಸು 'ವಯಸ್ಸಾಯ್ತು, ಹಿಂಗೇ' ಅಂದುಕೊಂಡು ಸುಮ್ಮನಾಗುತ್ತಾಳೆ. ಎಲ್ಲರನ್ನೂ ಪರೀಕ್ಷೆ ಮಾಡಿಯೇ ಸಿದ್ಧ ಅನ್ನುವ ಉತ್ಸಾಹವೂ ಬೇಡ. ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2024ರ ಮಾರ್ಗಸೂಚಿ ಆರೋಗ್ಯವಂತ ವಯಸ್ಕರಲ್ಲಿ ಸುಮ್ಮಸುಮ್ಮನೆ ವಿಟಮಿನ್ ಡಿ ಪರೀಕ್ಷೆ ಬೇಡ ಅಂತಲೇ ಹೇಳಿದೆ.

ಸೂಜಿ ತಪ್ಪಿಸಲೇಬೇಕು ಅನ್ನುವವರಿಗೆ ನಡುವಿನ ದಾರಿ ಒಂದಿದೆ. ಬೆರಳ ತುದಿಯ ಒಂದೆರಡು ಹನಿ ರಕ್ತವನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಅಂಚೆಯಲ್ಲಿ ಕಳಿಸುವುದು. ಹುಟ್ಟಿದ ಮಕ್ಕಳ ರಕ್ತವನ್ನು ಹೀಗೆ ಒಣಗಿಸಿ ಪರೀಕ್ಷೆ ಮಾಡುವ ಪದ್ಧತಿ ಹಳೆಯದು, ಅದೇ ಕಾಗದದಿಂದ ವಿಟಮಿನ್ ಡಿ ಅಳೆಯುವ ವಿಧಾನವೂ 2009ರ ಹೊತ್ತಿಗೆ ಪ್ರಕಟವಾಗಿದೆ. ರಕ್ತಹೀನತೆ ಇದ್ದವರಲ್ಲಿ ಹನಿ ಹರಡುವ ರೀತಿ ಬೇರೆಯಾಗುವುದರಿಂದ ಲೆಕ್ಕ ತಿದ್ದಿಕೊಳ್ಳಬೇಕು, ಯಂತ್ರವಂತೂ ದೊಡ್ಡದೇ ಬೇಕು. ಆದರೆ ಹಿಮೋಗ್ಲೋಬಿನ್ನಿಗೆ ಬೆರಳು ಚುಚ್ಚುವುದು ಹಳ್ಳಿಯಲ್ಲಿ ಎಲ್ಲರೂ ಕಂಡದ್ದೇ. ಅಂಚೆ ಕಚೇರಿಯೂ ಇದೆ. ಬಣ್ಣದ ಪಟ್ಟಿಯಷ್ಟು ಥಳುಕಿಲ್ಲದ ಈ ವಿಷಯವನ್ನು ಯಾವ ಪ್ರಾಜೆಕ್ಟ್ ತಂಡವೂ ಎತ್ತಿಕೊಳ್ಳದಿರುವುದು ನಮಗೆ ಬೇಸರ.

ಜೊಲ್ಲೇ ಬೇಕು ಅನ್ನುವ ತಂಡ ಮುಂದೆ ಬಂದರೆ ನಾವು ಬೇಡ ಅನ್ನುವುದಿಲ್ಲ, ಜೊತೆಗೇ ಬರುತ್ತೇವೆ, ಊರು ತೋರಿಸುತ್ತೇವೆ. ಮೊದಲು ಒಂದು ವೈದ್ಯಕೀಯ ಕಾಲೇಜಿನ ಜೊತೆ ಸೇರಿಕೊಳ್ಳಿ, ಐಸಿಎಂಆರ್ 2017ರ ಮಾರ್ಗಸೂಚಿಯ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ತೆಗೆದುಕೊಳ್ಳಿ. ಹಾಸ್ಟೆಲ್ ಗೆಳೆಯರ ಜೊಲ್ಲು ಹಿಡಿದು 'ಗ್ರಾಮೀಣ' ಅಂತ ಬರೆಯಬೇಡಿ. ಒಬ್ಬರಿಂದಲೇ ಒಂದೇ ಬೆಳಿಗ್ಗೆ ಜೊಲ್ಲು, ರಕ್ತ ಎರಡನ್ನೂ ತೆಗೆಯಿರಿ. ಎಲೆಅಡಿಕೆ ಹಾಕುವವರನ್ನು 'ಸ್ಯಾಂಪಲ್ ಸರಿ ಇಲ್ಲ' ಅಂತ ಹೊರಗಿಡಬೇಡಿ, ಅವರನ್ನು ಬಿಟ್ಟರೆ ನಮ್ಮೂರನ್ನೇ ಬಿಟ್ಟ ಹಾಗೆ. ಹಾಕುವವರು, ಹಾಕದವರು ಅಂತ ಎರಡು ಗುಂಪು ಮಾಡಿ, ಎರಡರಲ್ಲೂ ಟ್ರಾನ್ಸ್‌ಫೆರಿನ್ ಅಳೆಯಿರಿ. ಶೃಂಗೇರಿಯ ಘಟ್ಟದಂಚಿನ ಒಂದು ಊರು, ಎನ್.ಆರ್.ಪುರದ ಹಿನ್ನೀರಿನ ಕಡೆಯ ಒಂದು ಊರು, ನಡುವೆ ಕೊಪ್ಪದ್ದೊಂದು ಆರಿಸಿ. ಯುಗಾದಿಯ ಹೊತ್ತಿಗೆ ಒಂದು ಸಲ, ಮಳೆಗಾಲ ಮುಗಿದು ನವರಾತ್ರಿಗೆ ಇನ್ನೊಂದು ಸಲ, ಅದೇ ಜನರಿಂದ. ರಕ್ತದ ಅಳತೆ ಈ ಎರಡರ ನಡುವೆ ಇಳಿದಿದ್ದರೆ ಜೊಲ್ಲಿನದೂ ಅಷ್ಟೇ ಇಳಿಯಿತಾ ನೋಡಿ. ಬಂದ ಫಲಿತಾಂಶವನ್ನು ಮೊದಲು ರಕ್ತ ಕೊಟ್ಟವರ ಮನೆಗೆ, ಕನ್ನಡದಲ್ಲಿ, ಒಂದು ಹಾಳೆಯಲ್ಲಿ ಬರೆದು ತಲುಪಿಸಿ. ಕಾನ್ಫರೆನ್ಸ್ ಆಮೇಲೆ.

ಫಾರಂ ಮಾಡುವಾಗ ಒಂದು ಕಾಲಂ ಬಿಟ್ಟುಹೋಗದಿರಲಿ: 'ಕೊನೆಯ ಸಲ ಎಲೆಅಡಿಕೆ ಹಾಕಿ ಎಷ್ಟು ಹೊತ್ತಾಯಿತು?' ಅರ್ಧ ಗಂಟೆ ಅಂತ ಉತ್ತರ ಬಂದರೆ, ಇನ್ನೊಂದು ಸಲ ಕೇಳಿ. ಬಾಯಲ್ಲೇ ಇರಬಹುದು.